ಶಿರಾದ ಜಿರಲೆ, ಹೊಳವನಹಳ್ಳಿಯ ಅಡುಗೆಮನೆ

ರತ್ನಮ್ಮನ ಅಡುಗೆಮನೆಯಲ್ಲಿ ಜಿರಲೆ ಇರಲಿಲ್ಲ. ವಿಡಿಯೋದಲ್ಲಿ ನೀವು ನೋಡಿದ ಜಿರಲೆಗಳು ಶಿರಾದ ದೊಡ್ಡ ಹೋಟೆಲೊಂದರವು. ಅವನ್ನು ಹೊಳವನಹಳ್ಳಿಗೆ ತಂದು ಬಿಟ್ಟವಳು ನಾನು. ಕೈತಪ್ಪಿ ಆದದ್ದಲ್ಲ, ಯಾರೋ ಹೆದರಿಸಿ ಮಾಡಿಸಿದ್ದಲ್ಲ — ಹಾಡಹಗಲಿನಲ್ಲಿ, ಕಾಫಿ ಕುಡಿಯುತ್ತ, ನನ್ನ ಕೈಚಳಕಕ್ಕೆ ನಾನೇ ಬೀಗುತ್ತ ಮಾಡಿದ್ದು.

ಆಗ ನಾನು ತುಮಕೂರಿನಲ್ಲಿ ಒಂದು ಯೂಟ್ಯೂಬ್ ಚಾನೆಲ್ಲಿಗೆ ಕೆಲಸ ಮಾಡುತ್ತಿದ್ದೆ. ಊರೂರು ಸುತ್ತಿ ಅಲ್ಲಿನ ಊಟ, ನೋಡುವ ಜಾಗ, ತಂಗುವ ಹೋಟೆಲು ತೋರಿಸುವ ಚಾನೆಲ್. ಕ್ಯಾಮೆರಾ ಹಿಡಿಯುವುದೂ ಎಡಿಟ್ ಮಾಡುವುದೂ ನನ್ನ ಪಾಲು. ಮಾತಾಡಿ, ತಿಂದು, ನಕ್ಕು, ಮುಖ ತೋರಿಸುವುದು ಚಾನೆಲ್ಲಿನ ಒಡೆಯ ಚೇತನನ ಪಾಲು. ಆ ಸಲ ಶಿರಾದಿಂದ ಹೊರಟು ಪಾವಗಡ, ಮಧುಗಿರಿ, ಕೊರಟಗೆರೆ ಸುತ್ತಿಕೊಂಡು ಬರುವುದೆಂದಾಗಿತ್ತು.

ಶಿರಾದ ಹೋಟೆಲಿನವರು ನಮಗೆ ರೂಮು, ಊಟ ಎಲ್ಲ ಪುಕ್ಕಟೆ ಕೊಟ್ಟಿದ್ದರು. ಬದಲಿಗೆ ನಾವು ಹೊಗಳಬೇಕು, ಅಷ್ಟೇ. ಬೆಳಿಗ್ಗೆ ಇಡ್ಲಿಯ ಹಬೆ ಹಿಡಿಯೋಣವೆಂದು ನಾನು ಅವರ ಅಡುಗೆಮನೆಗೆ ನುಗ್ಗಿದೆ. ಹಬೆ ಸಿಕ್ಕಿತು, ಅದರ ಹಿಂದೆ ಹಿಟ್ಟಿನ ಪಾತ್ರೆಯ ಅಂಚಿನಲ್ಲಿ ಸಾಲಾಗಿ ಓಡಾಡುವ ಜಿರಲೆಗಳೂ ಸಿಕ್ಕವು. ಚೇತನ್ ನೋಡಿ ನಕ್ಕ. "ಇದು ಬೇಡ ಬಿಡು, ಪಾಪ" ಅಂದ. ವಿಡಿಯೋದಲ್ಲಿ ಆ ಹೋಟೆಲಿಗೆ 'ಮನೆಯಷ್ಟೇ ಅಚ್ಚುಕಟ್ಟು' ಎಂಬ ಮಾತು ಬಂತು. ಪಾಪ ಎಂಬ ಪದವನ್ನು ಅವನು ಯಾರಿಗಾಗಿ ಬಳಸಿದ ಅನ್ನುವುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಾವಗಡದ ಕಡೆ, ಕ್ಯಾತಗಾನಚೆರ್ಲುವಿನ ಸೋಲಾರ್ ಫಲಕಗಳ ನಡುವೆ, ಒಬ್ಬ ಕುರಿಗಾಹಿಯನ್ನು ಬಿಸಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿದೆವು. ಅವನ ಕುರಿಗಳು ಚೇತನನ ಬೆನ್ನ ಹಿಂದೆ ಹಾದುಹೋಗಬೇಕಿತ್ತು. ಮಧುಗಿರಿ ಬೆಟ್ಟದಲ್ಲಿ ಚೇತನ್ ಕೋಟೆಯ ಮೊದಲ ಬಾಗಿಲು ದಾಟಿ ಕೂತುಬಿಟ್ಟ. ಸರಳು ಹಿಡಿದು ತುದಿಯವರೆಗೆ ಹತ್ತಿ ಬಂದವಳು ನಾನು. ವಿಡಿಯೋದಲ್ಲಿ ತುದಿ ಮುಟ್ಟಿದವನು ಅವನು. ಅದನ್ನು ಸುಳ್ಳು ಎಂದುಕೊಳ್ಳಲೇ ಇಲ್ಲ ನಾನು. ಕೆಲಸ ಅಂದುಕೊಂಡಿದ್ದೆ. ಹೀಗೆ, ರೂಢಿಯಾಗುತ್ತ ಆಗುತ್ತ —

ಹೊಳವನಹಳ್ಳಿಗೆ ಬಂದಾಗ ಊಟದ ಹೊತ್ತು. ಬಸ್ ಸ್ಟಾಪಿನ ಹತ್ತಿರ ರತ್ನಮ್ಮನ ಮೆಸ್ಸು: ನಾಲ್ಕೇ ಬೆಂಚು, ಎಲ್ಲ ತುಂಬಿತ್ತು. ಕಿಟಕಿಯ ಪಕ್ಕದ ಬೆಳಕು ಚೇತನನಿಗೆ ಬೇಕಾಯಿತು. ಅಲ್ಲಿ ಸಂತೆಗೆ ಬಂದಿದ್ದ ಒಬ್ಬ ಮುದುಕಪ್ಪ ಮುದ್ದೆ ಮುರಿಯುತ್ತ ಕೂತಿದ್ದ. ಚೇತನ್ ಅವನ ಭುಜ ತಟ್ಟಿ, "ಸ್ವಲ್ಪ ಆ ಕಡೆ ಏಳಿ, ಶೂಟಿಂಗ್ ಇದೆ" ಅಂದ. ಮುದುಕಪ್ಪ ತಟ್ಟೆ ಎತ್ತಿಕೊಂಡು ಏಳತೊಡಗಿದ.

ಒಲೆಯ ಮುಂದಿನಿಂದ ರತ್ನಮ್ಮ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಕೈಯೆಲ್ಲ ರಾಗಿಹಿಟ್ಟು.

"ಉಣ್ಣಾಕ್ ಕುಂತೋರ್ನ ಎಬ್ಬುಸ್ಬ್ಯಾಡ ಕಣಪ್ಪಾ. ಸೊಲ್ಪ ನಿಂತ್ಕೊ, ಜಾಗ ಆಯ್ತದೆ."

"ನಾನು ಯಾರು ಗೊತ್ತೇನಮ್ಮ?"

"ಯಾರಾದ್ರೂ ಆಗಪ್ಪಾ. ಅವ್ನ ಕೈತುತ್ತು ಬುಡ್ಸಿ ನಿನ್ನ ಕೂರ್‌ಸಾಕಾಯ್ತದಾ?"

ಬೆಂಚಿನಲ್ಲಿದ್ದವರು ಜೋರಾಗಿ ನಕ್ಕರು. ಅಷ್ಟೇ ನಡೆದದ್ದು. ಜಗಳವಿಲ್ಲ, ಬೈಗುಳವಿಲ್ಲ. ಸರದಿ ಬಂದಾಗ ನಮಗೂ ಬಡಿಸಿದರು. ಚೇತನ್ ಎರಡು ತುತ್ತು ತಿಂದು ಎದ್ದುಹೋಗಿ ಕಾರಿನಲ್ಲಿ ಕೂತ. ನಾನು ಹೊಟ್ಟೆ ತುಂಬ ಉಂಡೆ — ಬಸ್ಸಾರು, ಕಾಳಿನ ಪಲ್ಯ. ಯಾವೂರವ್ವಾ ಎಂದು ಕೇಳಿದರು. ಪಟ್ಟನಾಯಕನಹಳ್ಳಿ ಹತ್ತಿರ ಅಂದೆ. "ನಮ್ ಚಿಕ್ಕವ್ವನ್ನ ಆ ಕಡೀಕೇ ಕೊಟ್ಟಿರಾದು!" ಎಂದು ಇನ್ನೊಂದು ಸೌಟು ಸಾರು ಸುರಿದರು. ಅಡುಗೆಮನೆಯ ಒಂದು ಶಾಟ್ ತೆಗೆಯಲೇ ಎಂದು ಕೇಳಿದ್ದಕ್ಕೆ, "ಬಾ ಕಣವ್ವಾ, ಒಳೀಕ್ ಬಂದೇ ತಕ್ಕೋ. ಮುಚ್ಚಿಡಾಕೆ ನಂದೇನೈತೆ?" ಅಂದರು. ತೊಳೆದು ಬೋರಲು ಹಾಕಿದ ಪಾತ್ರೆಗಳು, ಸಾರಿಸಿದ ಒಲೆ. ಎಲ್ಲ ನನ್ನ ಕ್ಯಾಮೆರಾದಲ್ಲಿತ್ತು.

ಆಫೀಸಿಗೆ ಬಂದ ಮೇಲೆ ಚೇತನ್ ನನ್ನ ಹಿಂದೆ ನಿಂತು ಹೇಳಿದ: "ಶಿರಾದ ಆ ಕ್ಲಿಪ್ ಇದೆಯಲ್ಲ, ಅದನ್ನ ಇಲ್ಲಿ ಇಡು. ಅಡುಗೆಮನೆ ಅಂದ್ರೆ ಅಡುಗೆಮನೆ. ಯಾರಿಗೆ ಗೊತ್ತಾಗುತ್ತೆ?"

ನಾನು ಏನು ಹೇಳಿದೆ ಗೊತ್ತೇ? "ಗೋಡೆಯ ಟೈಲ್ಸ್ ಕಾಣುತ್ತೆ, ಕ್ರಾಪ್ ಮಾಡಬೇಕು" ಅಂದೆ. ಬೇಡ ಎನ್ನಲಿಲ್ಲ. ಇದು ಮೋಸ ಎನ್ನಲಿಲ್ಲ. ಟೈಲ್ಸ್! ಕ್ರಾಪ್ ಮಾಡಿದೆ. ಬಿಳಿ ಬೆಳಕನ್ನು ಹೊಗೆಬಣ್ಣಕ್ಕೆ ತಿರುಗಿಸಿದೆ. ರತ್ನಮ್ಮನ ಒಲೆಯಿಂದ ಶಿರಾದ ಪಾತ್ರೆಗೆ ಕಟ್ ಹೋಗುವಲ್ಲಿ ಕಣ್ಣಿಗೆ ಒಂಚೂರೂ ತೊಡಕಾಗಲಿಲ್ಲ. 'ಹಳ್ಳಿ ಊಟ ಎಂದು ನಂಬಿ ಹೋಗಬೇಡಿ' ಎಂದು ಚೇತನ್ ದನಿ ಕೊಟ್ಟ.

ಆಮೇಲೆ ನೀವು ಬಂದಿರಿ. ಹೌದು, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಆ ಮೆಸ್ಸಿನ ಬಾಗಿಲನ್ನೂ ತುಳಿಯದೆ ಥೂ ಎಂದು ಬರೆದಿರಿ, ಬಂಧುಬಳಗಕ್ಕೆಲ್ಲ ಕಳಿಸಿದಿರಿ. ಕೆಲವರು ಮೊಬೈಲು ಹಿಡಿದುಕೊಂಡು ಬಂದು ಆಕೆಯ ಮುಖಕ್ಕೇ ಹಿಡಿದು ಪ್ರಶ್ನೆ ಕೇಳಿದಿರಿ. ಆದರೆ ನಿಮ್ಮ ಸಿಟ್ಟಿಗೆ ಸೌದೆ ಒಟ್ಟಿದವಳು ನಾನಲ್ಲವೇ? ಕಳ್ಳಸಾಕ್ಷಿ ನಂಬಿದವರಿಗಿಂತ ಅದನ್ನು ಹುಟ್ಟಿಸಿದ ಕೈ —

ವರ್ಷ ಕಳೆದು ಆ ಕೆಲಸ ಬಿಟ್ಟೆ. ಪಶ್ಚಾತ್ತಾಪದಿಂದಲ್ಲ, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತ್ತು. ಒಂದು ದಿನ ಬಸ್ಸು ಹೊಳವನಹಳ್ಳಿಯಲ್ಲಿ ನಿಂತಾಗ ಮೆಸ್ಸು ನೋಡೋಣವೆಂದು ಇಳಿದೆ. ಅಲ್ಲಿ ಮೊಬೈಲ್ ಅಂಗಡಿ ಇತ್ತು. ಅಂಗಡಿಯವನನ್ನು ಕೇಳಿದೆ. ಅವನು ನಕ್ಕ.

"ಜಿರ್ಲೆ ರತ್ನಮ್ಮನಾ? ಕಾಲಿ ಮಾಡ್ಕಂಡ್ ಹೋದ್ಲು ಕಣಮ್ಮ. ಯಾರೂ ಉಣ್ಣಾಕ್ ಬರ್ತಿರ್ಲಿಲ್ಲ."

ಜಿರ್ಲೆ ರತ್ನಮ್ಮ. ನಾನು ಕಂಪ್ಯೂಟರಿನಲ್ಲಿ ಅಂಟಿಸಿದ್ದು ಒಬ್ಬ ಹೆಂಗಸಿನ ಹೆಸರಿಗೇ ಅಂಟಿಕೊಂಡಿತ್ತು. ಆಗಲಾದರೂ ಅದು ಸುಳ್ಳು ಎನ್ನಬಹುದಿತ್ತು. "ಓ, ಹೌದಾ" ಅಂದೆ. ಬಸ್ಸು ಹತ್ತಿದೆ.

ಅಲ್ಲಿಂದೀಚೆಗೆ ಅನ್ನ ಬಡಿಸುವ ಯಾರ ಮುಖವನ್ನೂ ನೆಟ್ಟಗೆ ನೋಡಲಾಗಲಿಲ್ಲ. ಹೋದ ತಿಂಗಳು ಹುಡುಕಿಕೊಂಡು ಹೋದೆ. ರತ್ನಮ್ಮ ಕೊರಟಗೆರೆಯ ಒಂದು ಕಲ್ಯಾಣಮಂಟಪದ ಹಿಂದೆ ಪಾತ್ರೆ ಉಜ್ಜುತ್ತಿದ್ದರು. ಅಡುಗೆಗೆ ಕರೆಯುವುದಿಲ್ಲವಂತೆ. ನನ್ನ ಗುರುತು ಸಿಗಲಿಲ್ಲ. ಎಲ್ಲವನ್ನೂ ಹೇಳಿದೆ — ಶಿರಾ, ಕ್ರಾಪ್, ಬಣ್ಣ, ಎಲ್ಲ. ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟು ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ನಂತಾವ ಯಾಕ್ ಹೇಳ್ತೀಯವ್ವಾ? ನನ್ ಅಡುಗೆಮನೆ ಹೆಂಗಿತ್ತು ಅಂತ ನಂಗೊತ್ತಿಲ್ವಾ? ಊರೋರ್ ಮುಂದೆ ಹೇಳು, ಹೋಗು."

ಮತ್ತೆ ಬೋಗುಣಿ ಎತ್ತಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಅನ್ನಬೇಕು?

ನನ್ನ ಬಳಿ ಉಳಿದಿದ್ದ ಎರಡೂ ಅಡುಗೆಮನೆಗಳ ಚಿತ್ರವನ್ನು, ಕತ್ತರಿಸದೆ, ಬಣ್ಣ ಬದಲಿಸದೆ, ನನ್ನ ಹೆಸರು ಮುಖ ಸಮೇತ ಯೂಟ್ಯೂಬಿಗೆ ಹಾಕಿದ್ದೇನೆ. ಚೇತನ್ ಫೋನ್ ಮಾಡಿ ಕೇಸು ಹಾಕುತ್ತೇನೆ ಎಂದು ಕೂಗಾಡಿದ. ಹಾಕಲಿ. ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ.

ಸಂತೆಯ ದಿನ ಹೊಳವನಹಳ್ಳಿಗೆ ಹೋಗಿ ಬಸ್ ಸ್ಟಾಪಿನಲ್ಲಿ ನಿಂತು, ಇದ್ದಷ್ಟು ಜನರ ಮುಂದೆ ಹೇಳಿದೆ. ಕೆಲವರು ನಂಬಿದರು, ಕೆಲವರು ಮುಖ ತಿರುಗಿಸಿಕೊಂಡು ಹೋದರು. ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳು ಮಾತ್ರ ಎದ್ದು ನನ್ನೆದುರು ಬಂದು ನಿಂತಳು.

"ಅವತ್ತೇ ಯಾಕ್ ಬಾಯ್ ಬುಡ್ಲಿಲ್ಲ ನೀನು?"

ಕೆಲಸ ಹೋಗುತ್ತಿತ್ತು ಎನ್ನಬಹುದಿತ್ತು, ಚಿಕ್ಕವಳಿದ್ದೆ ಎನ್ನಬಹುದಿತ್ತು. ಎರಡೂ ನಿಜವಲ್ಲ.

"ನನಗೇನೂ ನಷ್ಟ ಆಗಿರಲಿಲ್ಲ, ಅದಕ್ಕೆ" ಅಂದೆ.