ಹುಸೇನಸಾಬರಿಗೆ ಉರ್ದು ಕಲಿಸಿದ್ದು

ನ್ಯಾಮತಿಯ ಹುಸೇನಸಾಬರಿಗೆ ಅರವತ್ತನೇ ವಯಸ್ಸಿನಲ್ಲಿ ಉರ್ದು ಕಲಿಸಿದ ಪುಣ್ಯದಲ್ಲಿ ನನಗೂ ಒಂದು ಪಾಲಿದೆ. ಕಲಿಸಿದ್ದು ಮೂರೇ ವಾಕ್ಯ. ಅದಕ್ಕೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಬೆಂಗಳೂರಿನಿಂದ ಒಂದು ಡಾಕ್ಯುಮೆಂಟರಿ ತಂಡ ಬಂದಿತ್ತು. ಒಬ್ಬ ಡೈರೆಕ್ಟರು, ಒಬ್ಬ ಕ್ಯಾಮೆರಾದವರು, ಸೌಂಡ್ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು. ‘ಅಳಿವಿನಂಚಿನ ಸಮುದಾಯಗಳ ಅಸ್ಮಿತೆ’ ಅಂತ ಏನೋ ಪ್ರಾಜೆಕ್ಟು. (ಅಸ್ಮಿತೆ ಎಂಬ ಪದ ಕಿವಿಗೆ ಬಿದ್ದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಅಂಕಣ ಬರೆಯುವವರಿಗೆಲ್ಲ ಇರುವ ಕಾಯಿಲೆ.) ಹೊನ್ನಾಳಿಯಲ್ಲಿ ಕೂತು ವಾರಕ್ಕೊಂದು ಗೀಚುವ ನನ್ನನ್ನು ಹುಡುಕಿಕೊಂಡು ಬಂದು, "ನೀವೇ ನಮ್ಮ ಲೋಕಲ್ ರಿಸೋರ್ಸ್ ಪರ್ಸನ್ ಸರ್" ಎಂದರು. ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಅವರ ಕಾರಿನ ಮುಂದಿನ ಸೀಟಿನಲ್ಲಿ ನಾನಿದ್ದೆ.

ಅವರಿಗೆ ಪಿಂಜಾರರು ಬೇಕಿತ್ತು. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವ ಮುಸ್ಲಿಮರು. ನಮ್ಮ ಕಡೆ ಇವರು ಮನೆಯಲ್ಲೂ ಕನ್ನಡವನ್ನೇ ಆಡುತ್ತಾರೆ. ಹುಸೇನಸಾಬರು ನನಗೆ ಹಳೇ ಪರಿಚಯ. ನನ್ನ ಮದುವೆಯ ಗಾದಿ ಹೊಲಿದವರು ಅವರೇ. (ಗಾದಿ ಇನ್ನೂ ಗಟ್ಟಿಯಾಗಿದೆ. ಮದುವೆಯ ಬಗ್ಗೆ ನನ್ನ ಹೆಂಡತಿಯನ್ನು ಕೇಳಿ.)

ಅಂಗಡಿ ನೋಡಿದ ಕೂಡಲೇ ಡೈರೆಕ್ಟರ ಮುಖ ಬಾಡಿತು. ಅಲ್ಲಿ ಹತ್ತಿ ಹಿಂಜುವ ಕರೆಂಟಿನ ಮಷೀನು ಇತ್ತು. ಸಾಸ್ವೆಹಳ್ಳಿಯ ಒಂದು ಮದುವೆಗೆ ಹೋಗಬೇಕಿದ್ದ ಗಾದಿಗಳನ್ನು ಗೋಡೆಯೆತ್ತರಕ್ಕೆ ಪೇರಿಸಿದ್ದರು. ಅಳಿವಿನಂಚು ಎಲ್ಲೂ ಕಾಣಿಸಲಿಲ್ಲ.

"ಹಳೇ ಬಿಲ್ಲು ಇರುತ್ತಲ್ಲ ಸರ್, ಹತ್ತಿ ಹಿಂಜೋದು?"

"ನಮ್ಮಪ್ಪಂದು ಅಟ್ಟದ ಮ್ಯಾಲೈತೆ. ತಂತಿ ಹರಿದೈತ್ರಿ."

ಹರಿದಿದ್ದರೆ ಇನ್ನೂ ಒಳ್ಳೆಯದು ಎಂದರು. ಇಳಿಸಿದರು. ಧೂಳು ಒರೆಸಲು ಹೋದ ಹುಸೇನಸಾಬರ ಹೆಂಡತಿ ಬೀಬಮ್ಮನವರನ್ನು ತಡೆದರು. ಮಷೀನಿನ ಮೇಲೆ ಕೌದಿ ಬಿತ್ತು. ಬಾಗಿಲಲ್ಲಿದ್ದ ಸ್ಕೂಟಿ ಪಕ್ಕದ ಮನೆಗೆ ಹೋಯಿತು. ಅರ್ಧ ಗಂಟೆಯಲ್ಲಿ ಒಂದು ನೆಟ್ಟಗಿದ್ದ ಸಂಸಾರವನ್ನು ಬಡವಾಗಿಸಿದರು.

ಆಮೇಲೆ ಮಾತು. ಹುಸೇನಸಾಬರು ಬಾಯಿ ತೆರೆದರು. ಡೈರೆಕ್ಟರು "ಕಟ್" ಎಂದರು.

"ನಿಮ್ಮ ಭಾಷೆಯಲ್ಲಿ ಹೇಳಿ ಸರ್. ಉರ್ದುನಲ್ಲಿ."

"ನಮ್ಮ ಭಾಷೆ ಇದೇ ರೀ."

"ಅಲ್ಲ, ಮನೆಯಲ್ಲಿ ಮಾತಾಡೋದು?"

"ಮನೆಯಾಗೂ ಇದೇ. ಇವಳಿಗೆ ಬೈಯಾಕೆ ಬ್ಯಾರೆ ಭಾಷೆ ಎಲ್ಲಿಂದ ತರ್ಲಿ?"

ಬೀಬಮ್ಮ ನಕ್ಕರು. ಡೈರೆಕ್ಟರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಫೆಸ್ಟಿವಲ್ ಆಡಿಯನ್ಸಿಗೆ ಇದು ಕನ್‌ಫ್ಯೂಸ್ ಆಗುತ್ತೆ ಸರ್. ಏನಾದ್ರೂ ಮಾಡಿ" ಎಂದರು.

ನಾನೇನು ಮಾಡಬೇಕಿತ್ತು? ಬಸ್ಸು ಹತ್ತಿ ಮನೆಗೆ ಬರಬೇಕಿತ್ತು. ಏನು ಮಾಡಿದೆ? ಚಪ್ಪಲಿ ಅಂಗಡಿ ಇಟ್ಟಿರುವ ಉರ್ದು ಬಲ್ಲ ಗೆಳೆಯನನ್ನು ಕರೆಸಿದೆ. ಡೈರೆಕ್ಟರು ಹೇಳಿದ್ದನ್ನು ಅವನು ಉರ್ದು ಮಾಡಿ, ಕನ್ನಡ ಅಕ್ಷರದಲ್ಲಿ ಚೀಟಿಗೆ ಬರೆದ. ಆ ಚೀಟಿಯನ್ನು ಕ್ಯಾಮೆರಾದ ಪಕ್ಕ ಎತ್ತಿ ಹಿಡಿದು ನಿಂತವನು ನಾನೇ. ಅದರ ಅರ್ಥ ಇಷ್ಟು: "ನಮ್ಮ ಬಿಲ್ಲು ಮೂಕವಾಗಿದೆ. ನಮ್ಮ ಕಸುಬು ಹತ್ತಿಯಂತೆ ಹಾರಿಹೋಯಿತು. ನಾವು ಯಾರೆಂದು ಈಗ ಯಾರಿಗೂ ಗೊತ್ತಿಲ್ಲ." ಹುಸೇನಸಾಬರು ಅರ್ಥ ತಿಳಿಯದೆ ಓದಿದ್ದನ್ನು ಕೇಳಿ ಡೈರೆಕ್ಟರ ಕಣ್ಣು ಒದ್ದೆಯಾಯಿತು.

ಅಷ್ಟಾದ ಮೇಲೆ ಹುಸೇನಸಾಬರು, "ನಂದೂ ಒಂದು ಮಾತೈತ್ರಿ" ಎಂದು ಕನ್ನಡದಲ್ಲಿ ಶುರು ಮಾಡಿದರು. ಮಗಳು ರೇಷ್ಮಾ ಪಿಯುಸಿ ಪಾಸಾಗಿದ್ದಾಳೆ. ನರ್ಸಿಂಗ್ ಓದುವ ಆಸೆ. ಮೀಸಲಾತಿಯ ಸೀಟಿಗೆ ಪಿಂಜಾರ ಎಂಬ ಜಾತಿ ಸರ್ಟಿಫಿಕೇಟ್ ಬೇಕು. ಶಾಲೆಯಲ್ಲಿ ಮೇಷ್ಟ್ರು ಬರೀ ‘ಮುಸ್ಲಿಂ’ ಎಂದು ಬರೆದುಬಿಟ್ಟಿದ್ದಾರೆ. ಪಿಂಜಾರ ಅನ್ನೋದಕ್ಕೆ ಪುರಾವೆ ತನ್ನಿ ಎಂದು ತಾಲ್ಲೂಕು ಕಚೇರಿಯವರು ಅಲೆಸುತ್ತಿದ್ದಾರೆ. "ಗಾದಿ ಹೊತ್ಕಂಡು ಹೋಗಿ ಟೇಬಲ್ ಮ್ಯಾಲೆ ಹಾಸ್ಲೇನ್ರಿ?" ಎಂದು ಕೇಳಿದರು. ಇಪ್ಪತ್ತು ನಿಮಿಷ ಮಾತಾಡಿದರು.

ಸಿನಿಮಾದಲ್ಲಿ ಅದರ ಒಂದು ಸೆಕೆಂಡೂ ಇಲ್ಲ. ಫ್ಲೋಗೆ ಕೂರಲಿಲ್ಲವಂತೆ. ಅಸ್ಮಿತೆಯ ಸಿನಿಮಾದಲ್ಲಿ ಬಿಲ್ಲಿನ ಧೂಳಿಗೆ ಜಾಗ ಇದೆ, ಜಾತಿ ಸರ್ಟಿಫಿಕೇಟಿಗೆ ಇಲ್ಲ. ತಂಡ ಅಂದೇ ಜಗಳೂರಿಗೆ ಹೊರಟಿತು. ಅಲ್ಲಿ ಇನ್ನೊಂದು ಸಮುದಾಯ ಅಳಿಯುತ್ತಿತ್ತಂತೆ.

ಎರಡು ತಿಂಗಳಿಗೆ ಸಿನಿಮಾ ನೆಟ್ಟಿನಲ್ಲಿ ಬಂತು. ಕೊನೆಯ ಥ್ಯಾಂಕ್ಸ್ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸುಮ್ಮನಿರಲು ಆಗುತ್ತದೆಯೇ? ಕಂಡಕಂಡವರಿಗೆಲ್ಲ ಲಿಂಕ್ ಕಳಿಸಿದೆ. ರೇಷ್ಮಾಳ ಅರ್ಜಿ ಕೂತಿದ್ದ ಕಚೇರಿಯ ಸಾಹೇಬರಿಗೂ ಕಳಿಸಿದೆ. "ಇವರು ಪಿಂಜಾರರು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕೇ?" ಎಂದು ಕೆಳಗೆ ಬೇರೆ ಬರೆದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ.

ವಾರದಲ್ಲಿ ಅರ್ಜಿ ತಿರಸ್ಕಾರವಾಯಿತು. ಕಚೇರಿಗೆ ಓಡಿದೆ. ಗುಮಾಸ್ತರು ಫೈಲು ತೆಗೆದು ಸಮಾಧಾನವಾಗಿ ವಿವರಿಸಿದರು.

"ಪಿಂಜಾರರು ಮನೆಯಾಗೆ ಕನ್ನಡ ಮಾತಾಡೋರು. ಇವರು ನೋಡಿದ್ರೆ ಅಷ್ಟು ಚೆಂದ ಉರ್ದು ಮಾತಾಡ್ಯಾರೆ. ಕಸುಬು ಹೋತು, ನಾವು ಯಾರು ಅನ್ನೋದು ಯಾರಿಗೂ ಗೊತ್ತಿಲ್ಲ ಅಂತ ಅವರೇ ಹೇಳ್ಯಾರೆ. ನಮಗೆ ಹೆಂಗೆ ಕೊಡಾಕೆ ಬರ್ತೈತೆ?"

"ಮನೆಗೆ ಹೋಗಿ ನೋಡಿದಿರಾ?"

"ವಿಡಿಯೊದಾಗೇ ಮನೆ ಎಲ್ಲಾ ಕಾಣ್ತೈತಲ್ರಿ."

ಚೀಟಿ ಹಿಡಿದವನು ನಾನು, ಲಿಂಕ್ ಕಳಿಸಿದವನೂ ನಾನು. ಹೊರಗೆ ಬಂದು ಡೈರೆಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ವಾವ್ ಸರ್. ಇದೇ ನಮ್ಮ ಪಾರ್ಟ್ ಟು" ಎಂದರು.

"ಆಯ್ತು, ಮೊದಲು ಒಂದು ಪತ್ರ ಕೊಡಿ. ಆ ಉರ್ದು ಮಾತು ನಾವೇ ಬರೆಸಿದ್ದು ಅಂತ."

"ಅದು ಹೇಗೆ ಸರ್? ಫಿಲ್ಮಿನ ಅಥೆಂಟಿಸಿಟಿ ಹೋಗುತ್ತಲ್ಲ." ಅದರ ಜೊತೆಗೇ, "ಇನ್ನೊಂದು ರಿಕ್ವೆಸ್ಟ್. ನಾವು ಕ್ಯಾಮೆರಾ ತಗೊಂಡು ಬರೋವರೆಗೂ ಅವರಿಗೆ ಸರ್ಟಿಫಿಕೇಟ್ ಸಿಗದ ಹಾಗೆ ನೋಡ್ಕೊಳ್ಳಿ" ಎಂದರು.

ಫೋನ್ ಇಟ್ಟೆ. ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಅರ್ಧ ನನಗೇ ಸೇರಬೇಕಿತ್ತು.

ಹುಸೇನಸಾಬರ ಮನೆಗೆ ಹೋಗಿ ಲಿಂಕ್ ಕಳಿಸಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಇರ್ಲಿ ಬಿಡ್ರಿ, ಚಾ ಕುಡೀರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ರೇಷ್ಮಾ ಬಿಡಲಿಲ್ಲ.

"ಅಪ್ಪಗೆ ತಿಳೀಲಿಲ್ಲ ಅಂಕಲ್, ನಿಮಗೆ ತಿಳೀತಿತ್ತಲ್ಲ? ಬ್ಯಾಡ ಅನ್ನಬೇಕಿತ್ತು ನೀವು."

ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು?

"ಪೇಪರ್‌ನಾಗೆ ಬರೀತೀರಲ್ಲ, ಇದನ್ನೂ ಬರೀರಿ. ಮ್ಯಾಲಿನ ಆಫೀಸಿಗೆ ಅಪೀಲ್ ಹಾಕ್ತೀನಿ, ಕಟಿಂಗ್ ಹಚ್ತೀನಿ. ಚೆಂದ ಮಾಡಾಕೆ ಹೋಗಬ್ಯಾಡ್ರಿ. ಇದ್ದಂಗೆ ಬರೀರಿ."

ಬರೆದಿದ್ದೇನೆ. ಹುಸೇನಸಾಬರು ಪಿಂಜಾರರು. ಅವರ ಮಷೀನು ಓಡುತ್ತಿದೆ. ಅವರಿಗೆ ಉರ್ದು ಬರುವುದಿಲ್ಲ. ಅವರ ಮಗಳು ಕಾಲೇಜಿಗೆ ದಾಖಲೆ ಕೊಡಲು ಇನ್ನು ಹನ್ನೊಂದು ದಿನ ಉಳಿದಿದೆ.

ಸಾಹೇಬರೇ, ಅರ್ಧ ಗಂಟೆ ಕೂತು ಸಿನಿಮಾ ನೋಡಿದಿರಿ. ಅವರ ಮನೆ ಬಾಗಿಲಿಗೆ ಹೋಗಿ ಎರಡು ನಿಮಿಷ ಮಾತಾಡಲು ನಿಮಗೇನು ಕಷ್ಟ?