ಆರಿಂಚು ಎತ್ತರಿಸಿದ ಜೀಪು

ಕೈ ಸುಮ್ಮನಿಟ್ಟುಕೊಂಡು ಕೂರುವುದು ನನಗೆ ಬರುವುದಿಲ್ಲ. ಊಟಕ್ಕೆ ಕೂತರೂ ಕಾಲು ಕುಣಿಯುತ್ತಿರುತ್ತದೆ. ಮದುವೆ ಮನೆಗೆ ಹೋದರೆ ಕುರ್ಚಿಯ ಸಡಿಲ ನಟ್ಟು ಕಣ್ಣಿಗೆ ಬಿದ್ದು, ಅಕ್ಷತೆ ಹಿಡಿದ ಕೈಯಲ್ಲೇ ಅದನ್ನು ತಿರುವುತ್ತೇನೆ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಅದರ ಪಾಡಿಗೆ ಓಡಲು ಬಿಡುವ ಗುಣ ಈ ಮನುಷ್ಯನ ಜಾತಕದಲ್ಲೇ ಇಲ್ಲ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಅಲ್ಲ ಎನ್ನಲು ಈಗ ನನಗೆ ಮುಖವಿಲ್ಲ.

ನಮ್ಮದು ಕಡೂರಿನಿಂದ ದೇವನೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿ. ಮನೆ ಮುಂದಿನ ತೆಂಗಿನಗರಿಯ ಚಪ್ಪರದಲ್ಲಿ ನಿಂತಿರುವುದು ಹಳೆಯ ಡೀಸೆಲ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ಲಕ್ಕವಳ್ಳಿ ಕಡೆ ಕಾಲುವೆ ಕೆಲಸಕ್ಕೆ ಓಡಿಸುತ್ತಿದ್ದ ಕಂಟ್ರಾಕ್ಟರೊಬ್ಬರಿಂದ ತಂದದ್ದು. ತಂದ ದಿನ ಕಾಲಡಿಯ ತಗಡಿನ ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ತಗಡು ಹಾಕಿದ್ದು, ಬ್ರೇಕು ಬಿಚ್ಚಿ ಕಟ್ಟಿದ್ದು, ಗೇರ್‌ಬಾಕ್ಸಿನ ಆಯಿಲ್ ಸೋರಿಕೆ ನಿಲ್ಲಿಸಿದ್ದು, ಎಲ್ಲ ಮನೆಯ ಮುಂದೆಯೇ. ಜಾಕಿನ ಜೊತೆಗೆ ತೆಂಗಿನ ಮರದ ದಿಮ್ಮಿಗಳನ್ನು ಆಸರೆ ಕೊಟ್ಟು ಕೆಳಗೆ ಮಲಗಿದೆನೆಂದರೆ ಮಧ್ಯಾಹ್ನದ ಊಟಕ್ಕೆ ನನ್ನನ್ನು ಮೂರು ಸಲ ಕರೆಯಬೇಕು.

ಆ ಜೀಪಿನಲ್ಲಿ ಪ್ರತಿ ಸೋಮವಾರ ನಮ್ಮಪ್ಪ ಕೂರುತ್ತಿದ್ದ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತುಗಳಿದ್ದ ಕಾಲದಲ್ಲಿ ಅಪ್ಪನಿಗೆ ಅದೊಂದೇ ಬಿಡುವಿನ ದಿನ. ಆವತ್ತು ಹಳ್ಳದಾಚೆಯ ತೆಂಗಿನ ತೋಟಕ್ಕೆ ಹೋಗಿ ಸುಮ್ಮನೆ ಮರ ನೋಡಿಕೊಂಡು ಬರುತ್ತಿದ್ದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷವಾದರೂ ಸೋಮವಾರ ಮಾತ್ರ ತಪ್ಪಲಿಲ್ಲ. ಎಂಬತ್ತು ದಾಟಿದ ಮೇಲೆ ನಡೆದು ಹೋಗುವುದು ನಿಂತಿತು. ಹಳ್ಳದ ಮರಳಿನಲ್ಲಿ ಬೈಕು ಹೂತುಕೊಳ್ಳುತ್ತದೆ, ಆಟೋದವರು ಆ ಕಡೆ ತಲೆ ಹಾಕುವುದಿಲ್ಲ. ಉಳಿದದ್ದು ಜೀಪೊಂದೇ.

ಅಪ್ಪನ ಬಲಸೊಂಟ ಬಿಗಿದುಕೊಂಡಿತ್ತು. ಆದರೂ ಜೀಪು ಹತ್ತುವುದಕ್ಕೆ ತನ್ನದೇ ಒಂದು ರೀತಿ ಮಾಡಿಕೊಂಡಿದ್ದ. ಎಡಗೈ ಮುಂದಿನ ಗಾಜಿನ ಚೌಕಟ್ಟಿಗೆ, ಬಲಗೈ ಸೀಟಿನ ಬೆನ್ನಿಗೆ, ಬಲಗಾಲು ಒಳಗೆ, ಆಮೇಲೆ ಇಡೀ ಮೈ. ಯಾರೂ ಹತ್ತಿರ ಬರಬಾರದು. ಯಾರಾದರೂ ಕೈ ಚಾಚಿದರೆ ಆ ಕೈ ವಾಪಸ್ ಹೋಗುವವರೆಗೆ ನಿಂತಲ್ಲೇ ನಿಂತಿರುತ್ತಿದ್ದ. ತೋಟದಲ್ಲಿ ಅರ್ಧ ಗಂಟೆ ಕೋಲೂರಿಕೊಂಡು ಸಾಲಿನಿಂದ ಸಾಲಿಗೆ ನಡೆದು, ಬಿದ್ದ ಕಾಯಿ ಎಣಿಸಿ, ನನ್ನನ್ನು ನಾಲ್ಕು ಮಾತು ಬೈದು ವಾಪಸ್ ಬಂದರೆ ಶನಿವಾರದವರೆಗೆ ಮನೆಯಲ್ಲಿ ನೆಮ್ಮದಿ. ಭಾನುವಾರ ಮತ್ತೆ ಚಡಪಡಿಕೆ. ಅದೊಂದು ವಿಷಯದಲ್ಲಿ ನಾನು ಅವನ ಮಗನೇ.

ಕಳೆದ ಮಳೆಗಾಲದ ಶುರುವಿನಲ್ಲಿ ಟ್ರ್ಯಾಕ್ಟರಿನ ಸಾಮಾನಿಗೆಂದು ಅಜ್ಜಂಪುರಕ್ಕೆ ಹೋಗಿದ್ದೆ. ಹೋಟೆಲೊಂದರ ಮುಂದೆ ನಮ್ಮ ಜೀಪಿನಷ್ಟೇ ಹಳೆಯ ಇನ್ನೊಂದು ಜೀಪು ನಿಂತಿತ್ತು. ಎತ್ತರಿಸಿದ ಮೈ, ದಪ್ಪ ಟೈರು, ಕೆಳಗೆ ನಾಯಿ ಬಗ್ಗದೆ ಓಡಾಡುವಷ್ಟು ಜಾಗ. ಕಾಫಿ ಆರಿಹೋಯಿತು, ನಾನು ಮಾತ್ರ ಅದರ ಕೆಳಗೆ ಬಗ್ಗಿ ನೋಡುತ್ತಲೇ ಇದ್ದೆ. ಊರಿಗೆ ಬರುವಷ್ಟರಲ್ಲಿ ಹಳ್ಳದ ಬಂಡೆಗೆ ನಮ್ಮ ಜೀಪಿನ ಅಡಿ ತಾಗುತ್ತದೆ ಎಂಬ ಕಾರಣ ತಯಾರಾಗಿತ್ತು. ನಿಜ ಹೇಳಬೇಕೆಂದರೆ ಅದು ತಾಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ.

ಚಕ್ರದ ಮೇಲೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಆ ಕಮಾನ್ ಪ್ಲೇಟುಗಳ ಕೆಲಸಕ್ಕೆ ತರೀಕೆರೆಯಲ್ಲಿ ಒಬ್ಬ ಭಾಯ್ ಇದ್ದಾರೆ. ಅವರ ತಾತನ ಕಾಲದಿಂದ ಅದೇ ಕೆಲಸ. ಪ್ಲೇಟು ಮುಟ್ಟುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಾರೆ. ಲಾರಿಯವರಿಗೂ ಅದೇ, ಟ್ರಾಲಿಯವರಿಗೂ ಅದೇ.

“ಗಾಡೀಲಿ ಯಾರ್ ಕೂರ್ತಾರೆ, ಏನ್ ಹೇರ್ತೀರಿ?”

“ನಾನೊಬ್ನೇ ಭಾಯ್. ಹೇರೋದೇನಿಲ್ಲ,” ಎಂದೆ.

ಯೋಚಿಸದೆ ಹೇಳಿದ ಮಾತು ಅದು. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ನಾನು ಮತ್ತು ಜೀಪು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವರು ಪ್ಲೇಟುಗಳನ್ನು ಬಡಿದು ಕಮಾನು ಎತ್ತಿದರು, ಎರಡೆರಡು ಪ್ಲೇಟು ಹೆಚ್ಚಿಗೆ ಸೇರಿಸಿದರು. ದೊಡ್ಡ ಟೈರು ಕಡೂರಿನಲ್ಲೇ ಸಿಕ್ಕಿತು. ನಾಲ್ಕು ದಿನ ಜೀಪಿನ ಕೆಳಗೇ ಸಂಸಾರ ಮಾಡಿ ಎಲ್ಲ ಕೂರಿಸಿ ಟೇಪು ಹಿಡಿದೆ. ನೆಲದಿಂದ ಕಾಲಿಡುವ ಜಾಗಕ್ಕೆ ಮೊದಲಿಗಿಂತ ಸರಿಯಾಗಿ ಆರಿಂಚು ಹೆಚ್ಚು. ಆ ಖುಷಿಗೆ ಬುಕ್ಕಾಂಬುಧಿವರೆಗೆ ಹೋಗಿ, ಕೆರೆ ಪಕ್ಕದ ಕೊರಕಲು ದಾರಿಯಲ್ಲಿ ಅರ್ಧ ದಿನ ಹತ್ತಿಸಿ ಇಳಿಸಿ ಬಂದೆ.

ಸೋಮವಾರ ಬಂತು. ಅಪ್ಪ ಹೆಗಲಿಗೆ ಟವೆಲು ಹಾಕಿಕೊಂಡು ಬಂದು ಚೌಕಟ್ಟಿಗೆ ಕೈ ಇಟ್ಟ. ಕೆಳಗೆ ನೋಡಿದ. ಮೇಲೆ ನೋಡಿದ. ಕೈ ತೆಗೆದ.

“ಇವತ್ತು ಬ್ಯಾಡ ಕಣೋ. ಬಿಸ್ಲು ಜಾಸ್ತಿ ಐತೆ.”

ಮರುವಾರ ಯಾರೋ ಬರುತ್ತೇನೆಂದಿದ್ದಾರೆ ಎಂದ. ಅದರ ಮರುವಾರ ಮಳೆ ಬರುವ ಹಾಗಿದೆ ಎಂದ, ಬರಲಿಲ್ಲ. ನನಗೆ ನಾಚಿಕೆಯಾಗಬೇಕು, ಆದರೆ ಒಳಗೊಳಗೇ ನನಗೆ ಅನುಕೂಲವೇ ಆಗಿತ್ತು. ಎತ್ತರಿಸಿದ ಮೇಲೆ ಐವತ್ತರ ಸ್ಪೀಡಿಗೆ ಗಾಡಿ ನಡುಗಲು ಶುರುವಾಗಿತ್ತು, ಸ್ಟೇರಿಂಗು ಒಂದು ಕಡೆ ಎಳೆಯುತ್ತಿತ್ತು. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಸೋಮವಾರವೂ ಬಿಚ್ಚಲು ಸಿಕ್ಕಿತಲ್ಲ ಎಂದು ಬಿಚ್ಚುತ್ತಲೇ ಹೋದೆ. ಹೀಗೆ ಎರಡು ತಿಂಗಳು.

ಕೊನೆಗೆ ಹೆಂಡತಿಯೇ ಬಾಯಿ ಬಿಟ್ಟಳು. ಜೀಪಿನ ಕೆಳಗೆ ಮಲಗಿದ್ದವನ ಕಾಲನ್ನು ಪೊರಕೆಯ ಹಿಡಿಯಿಂದ ತಿವಿದು ಹೇಳಿದಳು.

“ಮಾವ ಹತ್ತಕ್ಕಾಗ್ದೆ ನಿಂತವ್ರೆ ಕಣ್ರೀ. ಬಿಸ್ಲೂ ಅಲ್ಲ, ಮಳೇನೂ ಅಲ್ಲ. ಹತ್ರದಿಂದ ನೋಡೋ ಕಣ್ಣು ನಿಮ್ಗೆ ಜೀಪಿಗೆ ಮಾತ್ರ ಐತೆ.”

“ಎತ್ತಿ ಕೂರಿಸ್ತೀನಿ ಬಿಡೇ.”

“ಎತ್ತಿ. ಏನಾಯ್ತದೋ ನೋಡೇಬಿಡಿ.”

ಎತ್ತಿದೆ. ಕಂಕುಳಿಗೆ ಕೈ ಹಾಕಿ ಇನ್ನೂ ಕಾಲು ನೆಲ ಬಿಟ್ಟಿರಲಿಲ್ಲ, ಅಪ್ಪನ ಮೈಯೆಲ್ಲ ಬಿಗಿದುಕೊಂಡಿತು. “ಮೂಟೆ ಅಂದ್ಕಂಡ್ಯೇನ್ಲಾ ನನ್ನ? ಬಿಡು ಕೈನ,” ಎಂದ. ಸಣ್ಣ ದನಿಯಲ್ಲೇ ಹೇಳಿದ. ಜಗಲಿಗೆ ಹೋಗಿ ಕೂತವನು ಆ ದಿನ ನನ್ನ ಕಡೆ ತಿರುಗಲಿಲ್ಲ.

ಜೀಪನ್ನು ಆಗಲೇ ಇಳಿಸಬಹುದಿತ್ತು. ಇಳಿಸಲು ನನಗೆ ಮನಸ್ಸಿರಲಿಲ್ಲ, ಅದೇ ನಿಜ. ಅಷ್ಟು ಕಷ್ಟಪಟ್ಟು ಎತ್ತಿದ್ದೇನೆ, ಹತ್ತುವುದಕ್ಕೊಂದು ಮೆಟ್ಟಿಲು ಮಾಡಿದರಾಯಿತು ಎಂದುಕೊಂಡೆ. ಆಯುಧಪೂಜೆ ಹತ್ತಿರ ಬಂದಿತ್ತು. ಕೊಟ್ಟಿಗೆ ಗುಡಿಸುವಾಗ ಮೂಲೆಯಲ್ಲಿ ಹಳೆಯ ಕುಂಟೆಯ ಕುಡ ಸಿಕ್ಕಿತು. ಎತ್ತು ಕಟ್ಟಿ ಕಳೆ ಹರಗುತ್ತಿದ್ದ ಕುಂಟೆಯ ತಳದಲ್ಲಿ ಮಣ್ಣು ಕೊಯ್ಯುವ ಉದ್ದನೆಯ ಕಬ್ಬಿಣದ ಪಟ್ಟಿ ಅದು. ಗಟ್ಟಿ, ಅಗಲ, ಉದ್ದ, ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಎಳೆಯುವಾಗ ನನ್ನ ಕಾಲಿಗೆ ತಾಗಿತು. ತಾಗಿದ ತಕ್ಷಣ ಕೈ ತಾನಾಗಿ ಅದನ್ನು ಮುಟ್ಟಿ ಕಣ್ಣಿಗೆ ಹೋಯಿತು. ಆಯುಧಕ್ಕೆ ಕಾಲು ತಾಗಿದರೆ ಹಾಗೆ ಮಾಡುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಕಣ್ಣಿಗೊತ್ತಿಕೊಂಡು, ಅದೇ ಕೈಯಲ್ಲಿ ಗ್ರೈಂಡರ್ ಹಿಡಿದು ಅದನ್ನು ಕತ್ತರಿಸಿ, ಕಾಲಿಡುವ ಮೆಟ್ಟಿಲಾಗಿ ಜೀಪಿಗೆ ಬೆಸುಗೆ ಹಾಕಿದೆ. ಕೈಗೆ ಗೊತ್ತಿದ್ದದ್ದು ತಲೆಗೆ ಹತ್ತಲಿಲ್ಲ.

ಅಪ್ಪನನ್ನು ಕರೆದೆ. “ಮೆಟ್ಲು ಮಾಡಿವ್ನಿ ಬಾ ಅಪ್ಪ. ಯಾರೂ ನಿನ್ನ ಮುಟ್ಟಲ್ಲ.”

ಬಂದ. ಮುಖದಲ್ಲಿ ಆಸೆ ಇತ್ತು, ನಾನು ನೋಡಿದ್ದೇನೆ. ಬಲಗಾಲಿನ ಚಪ್ಪಲಿ ಎತ್ತಿದವನು ಅಲ್ಲೇ ನಿಲ್ಲಿಸಿದ. ಕಷ್ಟಪಟ್ಟು ಬಗ್ಗಿ ಆ ಕಬ್ಬಿಣದ ಅಂಚಿನ ಮೇಲೆ ಬೆರಳಾಡಿಸಿದ. ಎಂದೋ ಕಲ್ಲಿಗೆ ಬಡಿದು ಮುಕ್ಕಾದ ಒಂದು ಜಾಗವಿತ್ತು, ಬೆರಳು ಅಲ್ಲಿ ನಿಂತಿತು.

“ಇದು ನಂ ಕುಂಟೆ ಕುಡ ಅಲ್ವೇನೋ?”

ಹೌದೆಂದು ತಲೆಯಾಡಿಸಿದೆ.

“ಇದ್ರ ಮೇಲೆ ಕಾಲಿಡು ಅಂತೀಯ ನಂಗೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆರಳನ್ನು ಕಣ್ಣಿಗೊತ್ತಿಕೊಂಡು ನಿಧಾನವಾಗಿ ಹೊರಟುಹೋದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತೇ ಅದನ್ನು ಕತ್ತರಿಸಿ ತೆಗೆದು, ತೊಳೆದು, ದೇವರ ಗೂಡಿನ ಪಕ್ಕ ಒರಗಿಸಿದೆ. ಅದರ ಜಾಗಕ್ಕೆ ಅಂಗಡಿಯ ಹೊಸ ಕಬ್ಬಿಣ ತಂದು ಬೇರೆ ಮೆಟ್ಟಿಲು ಹಾಕಿದೆ.

ಹಬ್ಬ ಕಳೆದ ಸೋಮವಾರ ಅಪ್ಪ ನಾನು ಕರೆಯದೆಯೇ ಬಂದ. ಹೊಸ ಮೆಟ್ಟಿಲಿಗೆ ಎಡಗಾಲು ಇಟ್ಟು ನಿಂತ. ಅಲ್ಲಿಂದ ಬಲಗಾಲನ್ನು ಒಳಗೆ ತಿರುಗಿಸಬೇಕು, ಸೊಂಟ ತಿರುಗಲಿಲ್ಲ. ಮೇಲೆ ಟಾಪಿನ ಕಂಬಿ ತಲೆಗೆ ಅಡ್ಡ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಎರಡು ಕೈಯಲ್ಲೂ ಚೌಕಟ್ಟು ಹಿಡಿದು ಅಪ್ಪ ನಡುಗುತ್ತಾ ನಿಂತ. ನಾನು ಎರಡಡಿ ದೂರದಲ್ಲಿ ಕೈ ಕಟ್ಟಿ ನಿಂತಿದ್ದೆ. ಮುಟ್ಟುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹೇಗೋ ಅವನೇ ಇಳಿದ.

“ಆಗಲ್ಲ ಕಣೋ,” ಎಂದ.

ನನಗೆ ಐವತ್ತೆರಡು ವಯಸ್ಸು. ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆಯೇ ತರೀಕೆರೆಗೆ ಹೋದೆ. ಕಮಾನ್ ಪ್ಲೇಟಿನ ಭಾಯ್ ನಕ್ಕರು. “ಎತ್ಸೋಕೆ ಹತ್ತ್ ಜನ ಬತ್ತಾರೆ ಸ್ವಾಮಿ. ಇಳ್ಸೋಕೆ ಬಂದಿರೋದು ನೀವೊಬ್ರೇ. ಯಾರ್ ಕೂರ್ತಾರೆ?”

“ನಮ್ಮಪ್ಪ,” ಎಂದೆ.

ಅವರ ನಗು ನಿಂತಿತು. ಸುತ್ತಿಗೆ ಕೆಳಗಿಟ್ಟು, “ಮೊದ್ಲೇ ಹೇಳ್ಬೇಕಾಗಿತ್ತು,” ಎಂದರಷ್ಟೆ.

ಎತ್ತಿದ ಕಮಾನನ್ನು ಹಳೆಯ ಅಳತೆಗೆ ತರಲು ಹೋದರೆ ಒಂದು ಪ್ಲೇಟು ಸೀಳಿತು. ಅದಕ್ಕೆ ಸರಿಹೊಂದುವ ಹಳೆಯ ಪ್ಲೇಟು ಹುಡುಕಬೇಕು. ಭಾಯ್‌ಗೆ ಅಡಿಕೆ ಕೊಯ್ಲಿನ ಕಾಲ, ಲಾರಿಗಳ ಸಾಲು. ಇವತ್ತು ಬನ್ನಿ, ನಾಳೆ ಬನ್ನಿ. ದಿನ ಬಿಟ್ಟು ದಿನ ಹೋಗಿ ಅವರ ಅಂಗಡಿ ಮುಂದೆ ಅಡ್ಡಾಡಿದೆ. ಅಜ್ಜಂಪುರದ ಗುಜರಿಯಲ್ಲಿ ಹುಡುಕಿದೆ, ಕಡೂರಿನಲ್ಲಿ ಹುಡುಕಿದೆ. ಮನೆಯಲ್ಲಿ ಅಪ್ಪ ಜಗಲಿಯಿಂದ ಒಳಗೆ, ಒಳಗಿನಿಂದ ಜಗಲಿಗೆ. ಮೊದಲು ಬೀದಿ ಕೊನೆಯವರೆಗೆ ಹೋಗುತ್ತಿದ್ದವನು ಈಗ ಅದನ್ನೂ ಬಿಟ್ಟಿದ್ದ. ಸೋಮವಾರ ಬಂದರೆ ತೋಟದ ಮಾತೇ ಎತ್ತುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ.

ಅಂತೂ ಸಂಕ್ರಾಂತಿ ಕಳೆದ ಮೇಲೆ ಎಲ್ಲ ಕೂಡಿಬಂತು. ಹೆಚ್ಚಿನ ಪ್ಲೇಟು ತೆಗೆದೆ, ಹಳೆಯ ಟೈರು ಹಾಕಿದೆ, ಮೆಟ್ಟಿಲು ಕತ್ತರಿಸಿ ಬಿಸಾಕಿದೆ. ಟೇಪು ಹಿಡಿದೆ. ಹಳೆಯ ಅಳತೆ, ಕೂದಲೆಳೆ ಆಚೆ ಈಚೆ ಇಲ್ಲ. ನಾಲ್ಕು ಕಡೆಯಿಂದ ನಾಲ್ಕು ಸಲ ಅಳೆದೆ.

“ಅಪ್ಪ, ಮೊದ್ಲಿನ ಹಂಗೇ ಆಯ್ತು ಬಾ,” ಎಂದು ಕೂಗಿದೆ. ಸೋಮವಾರವೇ ಆಗಿತ್ತು. ಹೆಂಡತಿ ಬಾಗಿಲಿಗೆ ಬಂದು ನಿಂತಳು.

ಅಪ್ಪ ಟವೆಲು ಹಾಕಿಕೊಂಡು ಬಂದ. ಎಡಗೈ ಚೌಕಟ್ಟಿಗೆ, ಬಲಗೈ ಸೀಟಿನ ಬೆನ್ನಿಗೆ. ಬಲಗಾಲು ಎತ್ತಿದ. ಅದು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಎತ್ತಿದ. ಚಪ್ಪಲಿಯ ತುದಿ ತಗಡಿಗೆ ಕೆಳಗಿನಿಂದ ತಾಗಿ ಜಾರಿತು. ಮೂರನೇ ಸಲ ಅಷ್ಟೂ ಬರಲಿಲ್ಲ. ಆರೇಳು ತಿಂಗಳು ಜಗಲಿಯಲ್ಲಿ ಕೂತ ಕಾಲು ಅದು.

ಕೈ ಬಿಟ್ಟು, ಜೀಪನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಹೇಳಿದ. “ಇನ್ನೂ ಎತ್ರ ಐತಲ್ಲೋ. ಮೊದ್ಲು ಇಷ್ಟಿರ್ಲಿಲ್ಲ.”

ಟೇಪು ನನ್ನ ಕೈಯಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

“ಹೂಂ ಅಪ್ಪ. ಒಂದಿಂಚು ಉಳ್ಕೊಂಡೈತೆ. ನಾನ್ ಸರಿಯಾಗಿ ನೋಡ್ಲಿಲ್ಲ.”

“ನಾನ್ ಹೇಳ್ಲಿಲ್ವಾ. ಇಳ್ಸು ಅತ್ಲಾಗೆ. ಇಲ್ಲೇ ಇರ್ತೀನಿ.”

ಸ್ಪ್ಯಾನರ್ ತೆಗೆದುಕೊಂಡು ಜೀಪಿನ ಕೆಳಗೆ ಹೋಗಿ ಮಲಗಿದೆ. ಬಿಚ್ಚುವುದಕ್ಕೂ ಏನಿಲ್ಲ, ಬಿಗಿಯುವುದಕ್ಕೂ ಏನಿಲ್ಲ. ಬಿಗಿಯಾಗಿಯೇ ಇದ್ದ ಒಂದು ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕಟಕಟ ಸದ್ದು ಮಾಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಹೋದರೆ ಕೈಯೆಲ್ಲ ಗ್ರೀಸು. ತಲೆ ಹೊರಳಿಸಿದರೆ ಚಕ್ರದ ಪಕ್ಕದಲ್ಲಿ ಅಪ್ಪನ ಎರಡು ಪಾದ ಕಾಣುತ್ತಿದ್ದವು. ಚಪ್ಪಲಿ ಬಿಟ್ಟು ನಿಂತಿದ್ದ. ಬಲಗಾಲು ನೆಲದಿಂದ ನಾಲ್ಕು ಬೆರಳಷ್ಟು ಮೇಲೆದ್ದು ಕೆಳಗೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದಿತು. ನಾನು ಒಳಗೆ ಕೆಲಸದಲ್ಲಿದ್ದೇನೆ, ನೋಡುತ್ತಿಲ್ಲ ಎಂದುಕೊಂಡು ಅಪ್ಪ ಕಾಲೆತ್ತುವುದನ್ನು ಕಲಿಯುತ್ತಿದ್ದ. ನಾನು ಸ್ಪ್ಯಾನರಿನ ಸದ್ದು ನಿಲ್ಲಿಸಲಿಲ್ಲ.