ಎರಡನೇ ಅಂತಸ್ತಿನ ಹೊರಿಗಲ್ಲು

ಗೌಂಡಿ ಕೆಲಸದಾಗ ನನಗ ಬುದ್ಧಿ ಹೇಳಾಕ ಬಂದವರನ್ನ ನಾ ಸುಮ್ನ ಬಿಟ್ಟವನಲ್ಲ. ಈ ನೂರಸಾಬನ ಬಾಯಿ ಗಂಗಾವತಿಗೆಲ್ಲ ಗೊತ್ತೈತಿ. ಕರಿಯವ್ವನ ಮುಂದ ಮಾತ್ರ ಸೋತೆ, ಹೇಳಾಕ ನಾಚಿಕಿಲ್ಲ.

ಆಕಿ ಯಲಬುರ್ಗಾ ಕಡಿ ಮಂಗಳೂರು ಅನ್ನೋ ಹಳ್ಳಿಯಾಕಿ. ಗಂಡ ಸತ್ತ ಮ್ಯಾಲೆ ಮುಂಬೈಗೆ ಹೋಗಿ, ಇಪ್ಪತ್ತಂತಸ್ತಿನ ಕಟ್ಟಡಗಳಿಗೆ ಹನ್ನೆರಡು ವರ್ಷ ತಲಿ ಮ್ಯಾಲೆ ಸಿಮೆಂಟ್ ತುಂಬಿದ ಪುಟ್ಟಿ ಹೊತ್ಲು. ಇದ್ದದ್ದು ಮಾತ್ರ ತಗಡಿನ ಶೆಡ್ಡಿನಾಗ. ಎಂಬತ್ಮೂರನೇ ಇಸವ್ಯಾಗ ಬಂದು ನನ್ನ ಕೈಕೆಳಗ ಸೇರಿದಳು. ಆವಾಗ ಅಕ್ಕಿ ವ್ಯಾಪಾರದ ಕೊಟ್ರಪ್ಪ ಸಾವ್ಕಾರ್ರು ಬಾಡಿಗಿಗಂತ ನಾಕು ಅಂತಸ್ತಿನ ಮನಿ ಎಬ್ಬಿಸಾಕತ್ತಿದ್ರು. ನಮ್ಮ ಓಣ್ಯಾಗ ಅಷ್ಟು ಎತ್ತರದ್ದು ಅದ ಮೊದಲು. ಎರಡನೇ ಅಂತಸ್ತಿನ ಮೆಟ್ಟಲ ಬಾಜೂ ಖೋಲಿ ನಿನಗ, ಕಾವಲು ಇರು ಅಂತ ಆಕಿಗೆ ಮಾತು ಕೊಟ್ಟಿದ್ರು. ದಿನಾ ಉಂಡ ಮ್ಯಾಲೆ ಹೋಗಿ ಆ ಖೋಲಿ ಗ್ವಾಡಿ ಸವರಿ ಬರ್ತಿದ್ಲು.

ಮೆಟ್ಟಲು ಇಕ್ಕಟ್ಟು. ಪುಟ್ಟಿ ಹೊತ್ತು ಏರಾಕಿ, ಇಳಿಯಾಕಿ ಎದುರಾದ್ರ ಒಬ್ಬಾಕಿ ಹಿಂದ ಸರೀಬೇಕು. ಒಂದಿನ ಕರಿಯವ್ವ ಅಂದ್ಲು: "ಮೇಸ್ತ್ರಿ, ನಳಾ ಕೆಳಗೈತಿ. ನಾಳಿ ನಾಕನೇ ಅಂತಸ್ತಿನಾಕಿ ತುಂಬಿದ ಕೊಡಾ ಎಲ್ಲಿ ಇಳಸಬೇಕು? ನಮ್ಮೂರ ಹಾದ್ಯಾಗ ಎದಿಮಟ್ಟ ಹೊರಿಗಲ್ಲು ಇರ್ತಾವು. ಯಾರ ಕೈಯೂ ಬೇಡದಂಗ ಹೊರಿ ಇಳಿಸಿ, ಉಸರು ಬಿಟ್ಟು, ಮತ್ತ ಹೊತ್ಕೊಂಡು ಹೋಗಬಹುದು. ಅಂಥಾದ್ದೊಂದು ನಡುವ ಇಡು. ಬಾಜೂ ಕುಂದರಾಕ ಒಂದು ಕಟ್ಟಿ ಕಟ್ಟು."

"ಮುಂಬೈದಾಗ ಇದ್ದುವೇನು?" ಅಂತ ಚುಚ್ಚಿದೆ.

"ಇರಲಿಲ್ಲ. ಅದಕ್ಕ ಬಾಜೂ ಮನಿಯಾಕಿ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಮನಿಯಾಗಿನ ಹೆಣ್ಮಕ್ಕಳು, ಮಾತಾಡಾಕ ಪುಟ್ಟಿ ಹೊರೋ ನನ್ನ ಹಾದಿ ಕಾಯ್ತಿದ್ರು."

"ಜಾಗಾ ಎಲ್ಲೈತಿ? ನಿನ್ನ ತಲಿ ಮ್ಯಾಲೆ ಕಟ್ಟಲೇನು?"

ಪುಟ್ಟಿ ಎತ್ಕೊಂಡು ಹೋದ್ಲು. ಮರುದಿನ ಬಂದು, "ನನ್ನ ಖೋಲಿ ಗ್ವಾಡಿ ಒಡಿ" ಅಂದ್ಲು.

ನನಗ ಸಿಟ್ಟು ನೆತ್ತಿಗೇರಿತು. "ಹುಚ್ಚಿ, ದೇವ್ರು ವರಾ ಕೊಟ್ರೂ ಪೂಜಾರಿ ಕೊಡೂದಿಲ್ಲಂತಾರ. ನಿನಗ ಇಬ್ರೂ ಕೊಟ್ಟಾರ, ನೀನ ಒಲ್ಲೆ ಅಂತೀಯಲ್ಲ." ಸಾವ್ಕಾರ್ರೂ ಕೇಳಿ, "ನಿನ್ನ ಖುಷಿ. ಬ್ಯಾರೆ ಖೋಲಿ ಮಾತ್ರ ಕೇಳಬ್ಯಾಡ" ಅಂದ್ರು. ಗ್ವಾಡಿ ನಾನ ಒಡದೆ. ಒಡಿಯೋವಾಗ ನನಗ ಅಳು ಬಂತು. ಆಕಿ ಮಾತ್ರ ಹೊರಿಗಲ್ಲಿನ ಎತ್ತರ ಎಷ್ಟಿರಬೇಕಂತ ತನ್ನ ಎದಿಗೆ ಹಚ್ಚಿ ನೋಡಾಕತ್ತಿದ್ಲು.

ಆರು ತಿಂಗಳದಾಗ ಮನಿ ತುಂಬಿತು. ಕಲ್ಲಿನ ಮ್ಯಾಲೆ ಕೊಡಾ, ಕಟ್ಟಿ ಮ್ಯಾಲೆ ಹೆಣ್ಮಕ್ಕಳು. ಅಕ್ಕಿ ಆರಿಸೂದು, ಹೆಪ್ಪು ಇಸಗೊಳ್ಳೂದು, ಅತ್ತೀನ ಬೈಯೂದು ಎಲ್ಲಾ ಅಲ್ಲೆ. ಮ್ಯಾಲಿನ ಅಂತಸ್ತಿಗೆ ತಾವ ಇರಾಕ ಬಂದಿದ್ದ ಸಾವ್ಕಾರ್ರ ಹೆಂಡ್ತಿ ಬಸವಣ್ಣೆಮ್ಮನೂ ಇಳಿದು ಬರ್ತಿದ್ರು. ಬ್ಯಾರೆ ಕಟ್ಟಡದ ಕೆಲಸಕ್ಕ ಹೋಗಿ ಅಲ್ಲಿನ ಶೆಡ್ಡಿನಾಗಿದ್ದ ಕರಿಯವ್ವ ಸಂಜಿಗೆ ಬಂದು ಕುಂದರ್ತಿದ್ಲು. ಒಂದಿನ ಬಸವಣ್ಣೆಮ್ಮ ಕೇಳಿದ್ರು, "ನಿನ್ನ ಮನಿ ಎಲ್ಲೈತಿ?"

"ನೀವು ಕುಂತೀರಲ್ಲ, ಇದ ಇತ್ರಿ."

ಆ ತಾಯಿ ಗಂಡನ ಸಂಗಾಟ ಎರಡು ದಿನ ಮಾತು ಬಿಟ್ರಂತ. ಮೂರನೇ ದಿನ ಸಾವ್ಕಾರ್ರು ನನ್ನ ಕರಸಿ, ಮಾಳಿಗಿ ಮ್ಯಾಲೆ ಒಂದು ಖೋಲಿ ಕಟ್ಟು ಅಂದ್ರು. ಬಾಗಲಾ ನಾ ಪುಕ್ಕಟೆ ಕೂಡಿಸಿದೆ.

ಖೋಲಿಗೆ ಬರೋ ದಿನ ಕರಿಯವ್ವ ತನ್ನ ತಗಡಿನ ಟ್ರಂಕಿಗೆ ಕೈ ಹಾಕಿದ್ಲು. ಕೆಳಗಿನ ಮನಿ ಹಸೀನಾಬೇಗಂ ಬಿಡಲಿಲ್ಲ, ತಾನ ಹೊತ್ಕೊಂಡು ಹೊರಿಗಲ್ಲಿನ ಮ್ಯಾಲೆ ಇಳಿಸಿದ್ಲು. ಅಲ್ಲಿಂದ ಮೂರನೇ ಅಂತಸ್ತಿನ ಶೇಖರಮ್ಮ ಹೊತ್ಲು. ಹಿಂದಿಂದ ಕರಿಯವ್ವ ಬರೇ ತಲಿಲೆ ಮೆಟ್ಟಲು ಏರಾಕತ್ತಿದ್ಲು. ಪುಟ್ಟಿ ಹಿಡಿಯಾಕಂತ ಆಕಿ ಕೈ ತಾನ ಮ್ಯಾಲೆ ಹೋತು. ಅಲ್ಲೇನೂ ಇರಲಿಲ್ಲ.